ನಾಲ್ಕು ಸಾವಿರ ಮರಿಗಳ ಅಪ್ಪ

ನಿಮ್ಮೂರಲ್ಲಿ ಹುಲಿ ಓಡಿಸಿದವರಿರಬಹುದು, ಆನೆ ಪಳಗಿಸಿದವರಿರಬಹುದು. ಆರುನೂರ ನಲವತ್ತು ಕಿವಿ ಇರುವ ಯಂತ್ರದ ಬಾಯಿ ಮುಚ್ಚಿಸಿದವರು ಯಾರಾದರೂ ಇದ್ದಾರಾ? ಇಲ್ಲ ತಾನೇ. ಹಾಗಾದರೆ ಸ್ವಲ್ಪ ಸರಿದು ಕೂತುಕೊಳ್ಳಿ, ನನಗೆ ಕಾಲು ಚಾಚಲು ಜಾಗ ಬೇಕು.

ನನ್ನ ಹೆಸರು ಮಾಳಿಂಗ. ವಯಸ್ಸು ಇಪ್ಪತ್ತೆರಡು. ಈ ಮಾಳಿಂಗ ಎಂಟ್ರಿ ಕೊಟ್ಟರೆ ಇಂಟರ್ವಲ್ ಇರುವುದಿಲ್ಲ, ನೇರ ಕ್ಲೈಮ್ಯಾಕ್ಸ್. ನಮ್ಮ ಚಿಗರಿಬೀಳಿನಲ್ಲಿ ಕುರಿಗಳೂ ಬಾಣಂತಿ ತೋಳವೂ ಇವತ್ತು ಒಂದೇ ಹುಲ್ಲಿನ ಮೇಲೆ ಉಸಿರಾಡುತ್ತಿದ್ದರೆ ಅದಕ್ಕೆ ಕಾರಣ, ತುಂಬಿದ ಸಭೆಯಲ್ಲಿ ನಾನು ಹೊಡೆದ ಒಂದೇ ಒಂದು ಡೈಲಾಗ್. ಯಾವ ಡೈಲಾಗ್? ಟಿಕೆಟ್ ತಗೊಂಡು ಒಳಗೆ ಬಂದಿದ್ದೀರಿ, ಕಾಯಿರಿ.

ಮೊದಲು ಲೊಕೇಶನ್. ಚಿಗರಿಬೀಳು ಅಂದರೆ ಹನ್ನೊಂದು ಸಾವಿರ ಎಕರೆ ಹುಲ್ಲು. ಮರ ಎಣಿಸಲು ಎರಡು ಕೈಯ ಬೆರಳು ಸಾಕು. ಪುಸ್ತಕದಲ್ಲಿ ಕೃಷ್ಣಮೃಗ ಅನ್ನುತ್ತಾರಲ್ಲ, ನಮ್ಮ ಕಡೆ ಅದಕ್ಕೆ ಚಿಗರಿ ಅನ್ನುತ್ತೇವೆ. ಅವು ಜಿಗಿಯುವ ಜಾಗ ಇದು. ಈ ಹುಲ್ಲಿಗೆ ಮೂರು ಪಾರ್ಟಿ. ಒಂದು ನಮ್ಮವರು, ಕುರಿ ಮೇಯಿಸುವವರು. ಇನ್ನೊಂದು ಶಿಕಾರಿ ಗೈಡ್‌ಗಳು. ಕಾಡುಹಂದಿ ವಿಪರೀತವಾದ ಮೇಲೆ ಕಾನೂನು ಬದಲಾಗಿ, ಬಿಲ್ಲೆ ಕಟ್ಟಿದ ಗೈಡ್ ಜೊತೆಗಿದ್ದರೆ ಮಾತ್ರ ಹಂದಿ ಬೇಟೆ ಆಡಬಹುದು ಎಂದಾಯಿತು. ಮೂರನೆಯದು ಉಳಿದ ಎಲ್ಲರೂ: ಬೆಳಿಗ್ಗೆ ವಾಕಿಂಗ್ ಹೋಗುವವರು, ಹಕ್ಕಿ ನೋಡುವವರು, ದಾರಿ ಹತ್ತಿರವೆಂದು ಸೈಕಲ್ ತುಳಿಯುವವರು. ನಾನು ಚಿಕ್ಕವನಿದ್ದಾಗ ಮೂರೂ ಪಾರ್ಟಿ ಒಂದೇ ದಿನ ಒಂದೇ ಜಾಗಕ್ಕೆ ಬಂದು, ಹಂದಿಗೆ ಹಾರಿಸಿದ ಗುಂಡು ಟಗರಿಗೆ ತಗುಲಿ, ಟಗರಿನ ಕಡೆಯವರ ಬಡಿಗೆ ಹಕ್ಕಿ ನೋಡುತ್ತಿದ್ದ ಗುರುಪಾದ ಮಾಸ್ತರರ ದುರ್ಬೀನಿಗೆ ತಗುಲಿ, ಕೇಸು ಎಂಟು ವರ್ಷ ನಡೆದಿತ್ತು.

ಅದಕ್ಕೇ ಬಂದದ್ದು 'ಪಾಳಿ' ಯಂತ್ರ. ಹುಲ್ಲಿನಡಿ ಮೊಣಕಾಲುದ್ದ ಆಳಕ್ಕೆ ಆರುನೂರ ನಲವತ್ತು ಗೂಟ ಹೂತಿದ್ದಾರೆ. ಪ್ರತಿ ಗೂಟವೂ ನೆಲದ ನಡುಕ ಕೇಳುತ್ತದೆ. ಕುರಿಯ ನಡೆ ಬೇರೆ, ಹಂದಿಯ ಓಟ ಬೇರೆ, ಮಾಸ್ತರರ ಬೂಟು ಬೇರೆ. ಎಲ್ಲವನ್ನೂ ಕಂಟ್ರೋಲ್ ರೂಮಿನಲ್ಲಿ ಕೂಡಿಸಿ, ಹುಲ್ಲು ಎಷ್ಟು ತಾಳೀತು ಎಂದು ನೋಡಿ, ಯಂತ್ರ ಪಾಳಿ ಹಂಚುತ್ತದೆ. ದಾರಿಬಾಗಿಲ ಕಂಬದಲ್ಲಿ ಬಿಳಿ ದೀಪ ಹತ್ತಿದರೆ ಕುರಿ, ಹಸಿರು ಹತ್ತಿದರೆ ಜನ, ಕೆಂಪು ಹತ್ತಿದರೆ ಬೇಟೆ. ಯಂತ್ರ ಹೇಳಿದ್ದನ್ನು ತಿಂಗಳಿಗೊಮ್ಮೆ ಸಭೆ ಒಪ್ಪುತ್ತದೆ. ಹನ್ನೆರಡು ವರ್ಷದಿಂದ ಯಾರ ತಲೆಯೂ ಒಡೆದಿಲ್ಲ. ನನ್ನ ಕೆಲಸ ಆ ಗೂಟಗಳ ತಲೆಗೆ ಹತ್ತಿದ ಗೆದ್ದಲು ಕೆರೆಯುವುದು. ಹೆಣ್ಣು ನೋಡಲು ಹೋದಾಗ 'ಫೀಲ್ಡ್ ಆಪರೇಶನ್ಸ್' ಅನ್ನುತ್ತೇನೆ.

ಒಂದು ಗುರುವಾರ ಕಂಟ್ರೋಲ್ ರೂಮಿನಿಂದ ಕರೆ ಬಂತು.

"ಮಾಳಿಂಗ, ಇಲ್ಲಿ ಬಾ. ಇದನ್ನ ನೋಡು."

ಕರೆದವರು ಅನ್ನಪೂರ್ಣಾ ಹಡಪದ ಮೇಡಂ, ಪಾಳಿಯ ವಿಜ್ಞಾನಿ. ಕಂಟ್ರೋಲ್ ರೂಮೆಂದರೆ ತಗಡಿನ ಶೆಡ್ಡು; ಒಂದು ದೊಡ್ಡ ಪರದೆ, ಅದರ ಮುಂದೆ ಹನ್ನೊಂದು ತೊಳೆಯದ ಚಹಾ ಲೋಟ.

"ಹೋದ ವರ್ಷ ಈ ಹೊತ್ತಿಗೆ ಬೀಳಿನ್ಯಾಗ ಓಡಾಡಿದ ಕುರಿಮರಿ ಮುನ್ನೂರ ಹನ್ನೆರಡು. ಈ ವರ್ಷ ನಲವತ್ತೊಂದು" ಎಂದರು ಮೇಡಂ.

"ಉಳಿದ್ವು ಎಲ್ಲಿ ಹೋದ್ವು ಮೇಡಂ?"

"ಪಾಳಿ ಪ್ರಕಾರ, ತೋಳದ ಹೊಟ್ಟ್ಯಾಗ."

ಹೌದು, ಮೂವತ್ತು ವರ್ಷ ಪತ್ತೆಯಿಲ್ಲದ ತೋಳ ಆ ವರ್ಷ ವಾಪಸು ಬಂದಿತ್ತು. ಒಂದು ಗಂಡು, ಒಂದು ಹೆಣ್ಣು. ಕಾನೂನಿನಲ್ಲಿ ಒಂದು ಸಾಲಿದೆ: ಯಾವ ಪ್ರಾಣಿಯಿಂದ ಕುರಿ-ದನದ ನಷ್ಟ ಮಿತಿ ಮೀರುತ್ತದೋ ಆ ಪ್ರಾಣಿಯನ್ನು ಬೇಟೆಯ ಪಟ್ಟಿಗೆ ಸೇರಿಸಬಹುದು. ಪರದೆಯ ಕೆಳಗೆ ಕೆಂಪಕ್ಷರದಲ್ಲಿ ಬರೆದಿತ್ತು: 'ತೋಳ: ಎರಡು. ಸೋಮವಾರದ ಸಭೆಯ ಒಪ್ಪಿಗೆಗೆ.'

ನಾನು ಬಿದ್ದು ಬಿದ್ದು ನಕ್ಕೆ.

"ಮೇಡಂ, ಮರಿ ಎಲ್ಲೂ ಹೋಗಿಲ್ಲ. ಕತ್ತೆ ಮ್ಯಾಲೆ ಅದಾವು!"

ವಿಷಯ ಇಷ್ಟೇ. ತೋಳ ಇಲ್ಲದ ಕಾಲದಲ್ಲಿ ನಮ್ಮ ಮರಿಗಳು ತಾಯಿಯ ಹಿಂದೆ ನಡೆದೇ ಹೋಗುತ್ತಿದ್ದವು. ಪಾಳಿ ಕಲಿತದ್ದು ಆ ಕಾಲದ ನಡೆ. ತೋಳ ಬಂತು ಅಂದಕೂಡಲೇ ನಮ್ಮ ಹಿರಿಯರಿಗೆ ಹಳೆಯ ಅಭ್ಯಾಸ ನೆನಪಾಯಿತು. ಎಳೆಯ ಮರಿಗಳನ್ನು ಹಗ್ಗದ ಜಾಳಿಗೆ ಚೀಲದಲ್ಲಿ ಹಾಕಿ ಕತ್ತೆ ಬೆನ್ನಿಗೆ ಇಳಿಬಿಡುವುದು, ಹಟ್ಟಿಗೆ ಹೋದಮೇಲೆ ಬಿದಿರು ಬುಟ್ಟಿ ಕವುಚುವುದು. ಮರಿಯ ಕಾಲು ನೆಲಕ್ಕೇ ತಾಗುವುದಿಲ್ಲ. ಗೂಟಕ್ಕೆ ಕೇಳುವುದು ಕತ್ತೆಯ ಹೆಜ್ಜೆ ಮಾತ್ರ.

ಮೇಡಂ ಹಣೆ ಒತ್ತಿಕೊಂಡರು. "ನಾ ನಂಬ್ತೀನಪಾ. ಯಂತ್ರ ಗೂಟಾನ ನಂಬತೈತಿ, ಇಲ್ಲಾ ಮಾಲೀಕರು ಬರ್ದು ಕೊಟ್ಟಿದ್ದನ್ನ ನಂಬತೈತಿ. ನಿಮ್ಮವರು ಮರಿ ಎಷ್ಟು ಅಂತ ಒಂದು ಸಾಲು ಬರ್ದು ಕೊಡ್ಲಿ, ತೋಳ ಉಳೀತಾವು."

"ಒಂದು ಸಾಲಾ? ಮೇಡಂ, ಈ ಮಾಳಿಂಗ ಕೇಳಿದ್ರ ಕಲ್ಲೂ ಬಯೋಡಾಟಾ ಕೊಡತೈತಿ!" ಎಂದು ಕಾಲರ್ ಎತ್ತಿ ಹೊರಟೆ.

ನಮ್ಮ ಸೋದರತ್ತೆ ಲಗಮವ್ವನ ಹಟ್ಟಿ ಹಳ್ಳದ ದಂಡೆಯ ಮೇಲಿದೆ. ತಾಯಿ ಸತ್ತಮೇಲೆ ನನ್ನನ್ನು ಸಾಕಿದವಳು ಅವಳೇ. ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ಬುಟ್ಟಿಗಳಡಿಯಿಂದ ಮರಿಗಳ ಗದ್ದಲ. ರಾಣಿ ಎಂಬ ಅವಳ ಕತ್ತೆ ನನ್ನನ್ನು ಕಂಡಕೂಡಲೇ ಬಂದು ಜೇಬು ಮೂಸಿತು. ದಿನಾ ಬೆಲ್ಲ ಕೊಡುತ್ತೇನೆ.

"ಏನ್ಲೇ ಹೀರೋ, ಉಂಡ್ಯೇನು?"

"ಆಮ್ಯಾಲೆ ಉಣ್ತೀನಿ ಅತ್ತಿ. ಮರಿ ಒಟ್ಟು ಎಷ್ಟದಾವು?"

ರೊಟ್ಟಿ ಬಡಿಯುವ ಕೈ ನಿಂತಿತು. "ಮೊದಲ ಬಾಯಿ ತೊಳ್ಕೊಂಡು ಬಾ, ಭಾಡ್ಯಾ."

"ಅತ್ತಿ..."

"ಉಣ್ಣೆ ಕತ್ತರಿಸೋತನಾ ಮರಿ ಎಷ್ಟು ಅಂತ ಬಾಯಿ ಬಿಡಬಾರದು. ಸತ್ತದ್ದನ್ನ ಎಣಿಸಬಹುದು, ಇದ್ದದ್ದನ್ನ ಎಣಿಸಬಾರದು. ನಮ್ಮವ್ವ ಒಮ್ಮೆ ಗಣತಿ ಮಾಡಾಕ ಬಂದಾವ್ಗ ನಲವತ್ತು ಅಂದ್ಳು. ತಿಂಗಳದಾಗ ಬ್ಯಾನಿ ಬಂದು ಎಂಟು ಉಳದ್ವು. ಸಾಯೋ ತನಾ ತನ್ನ ಬಾಯಿಗೆ ತಾನ ಬಡ್ಕೊಂಡ್ಳು."

"ನೀ ಹೇಳ್ಲಿಲ್ಲಂದ್ರ ಸೋಮವಾರ ತೋಳ ಹೊಡ್ಯಾಕ ಕೆಂಪು ದೀಪ ಹಚ್ಚತಾರ ಅತ್ತಿ. ನೀವು ಮರಿ ಮುಚ್ಚಿ ಇಟ್ಟದ್ದಕ್ಕ, ತೋಳ ತಿಂದಾವಂತ ತಿಳ್ಕೊಂಡೈತಿ ಆ ಯಂತ್ರ."

ಅತ್ತೆ ಎದ್ದು ಹಳ್ಳದ ಕಡೆ ನೋಡಿದಳು. ರೊಟ್ಟಿ ಹಂಚಿನ ಮೇಲೆ ಕರಕಾಯಿತು. ಅವಳ ರೊಟ್ಟಿ ಕರಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಆ ಹೆಣ್ಣುತೋಳ, ಅಕಿ ಮೊನ್ನೆ ನೀರಿಗೆ ಬಂದಿದ್ಳು. ಹೊಟ್ಟಿ ಇಳದೈತಿ, ಮೊಲಿ ತುಂಬ್ಯಾವು. ಆ ಹಳ್ಳದ ಗವ್ಯಾಗ ಮರಿ ಹಾಕ್ಯಾಳ. ಹ್ವಾದ ವರ್ಷ ಬೀದಿನಾಯಿ ಹಿಂಡು ನನ್ನ ಒಂಬತ್ತು ಕುರಿ ಹರದು ಚೆಲ್ಲಿ ಹೋದ್ವು. ಈಕಿ ಬಂದಮ್ಯಾಲೆ ಒಂದು ನಾಯಿ ಈ ಕಡೆ ಹಾದಿಲ್ಲ. ನಮ್ಮಪ್ಪ ಹಿಂಡಿನ್ಯಾಗ ಒಂದು ಕುರಿ ತೋಳದ ಪಾಲು ಅಂತಿದ್ದ." ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಬಾಯಿ ತೆರದ್ರ ನನ್ನ ಮರಿ ಹೋಗ್ತಾವು. ತೆರೀದಿದ್ರ ಅಕಿ ಮರಿ ಹೋಗ್ತಾವು. ಎಂಥಾ ಯಂತ್ರ ತಂದಿಟ್ರಿ ಯಪ್ಪಾ."

ನಿಮಗಿದು ಮೂಢನಂಬಿಕೆ ಅನ್ನಿಸಬಹುದು. ಅವಳ ಮುಖ ನೋಡಿದ್ದರೆ ಅನ್ನುತ್ತಿರಲಿಲ್ಲ. ಇಪ್ಪತ್ತು ಹಟ್ಟಿ ತಿರುಗಿದೆ. ಎಲ್ಲ ಕಡೆ ಅದೇ ಉತ್ತರ.

ದಾರಿಬಾಗಿಲಲ್ಲಿ ಗೈಡ್ ಮೀರಾಸಾಬ ಸಿಕ್ಕರು. ಬಿಲ್ಲೆ ನಂಬರ್ ಒಂದು. ಬೀಳಿನಲ್ಲಿ ಅವರು ನಿಲ್ಲಿಸಿದ ಕಡೆ ಹಂದಿ ಬರಲೇಬೇಕು.

"ಚಾಚಾ, ನೀವರೆ ತೋಳ ಹೊಡ್ಸಂಗಿಲ್ಲ ಅನ್ನಬಹುದಲ್ಲ?"

"ಅಂದ್ರ ಬಿಲ್ಲೆ ಕಿತ್ಕೊಂಡು ಮತ್ತೊಬ್ಬಗ ಕೊಡ್ತಾರ ಬೇಟಾ. ಆ ಮತ್ತೊಬ್ಬಗ ಗಂಡು ಯಾವುದು, ಹಾಲೂಡೋದು ಯಾವುದು ಗೊತ್ತಾಗಂಗಿಲ್ಲ. ಆಗ್ಲೇ ಮೂರು ಮಂದಿ ಶಿಕಾರಿಯವರು ಫೋನ್ ಮಾಡ್ಯಾರ." ಮೀಸೆ ತಿರುವಿದರು, ಆದರೆ ಉತ್ಸಾಹದಿಂದಲ್ಲ. "ನನಗ ಹಂದಿ ಸಾಕಿತ್ತು."

ಇಲ್ಲಿ ಹೀರೋ ಕೈ ಹಾಕದಿದ್ದರೆ ಸಿನಿಮಾ ಮುಗಿದಂತೆ. ನಾನು ಕೈ ಹಾಕಿದೆ.

ಆರುನೂರ ನಲವತ್ತು ಗೂಟಗಳ ಗೆದ್ದಲು ಕೆರೆದವನಿಗೆ ಅವುಗಳ ಕಿವಿ ಗೊತ್ತಿರದೇ ಇರುತ್ತದೆಯೇ? ಮರಿಯ ನಡೆ ಎಂದರೆ ಎರಡು ಹೆಜ್ಜೆ, ಒಂದು ಜಿಗಿತ. ಹಳೆಯ ಸೈಕಲ್ಲಿನ ಗಾಲಿ ತಂದೆ. ಜಾಲಿ ಕಟ್ಟಿಗೆಯಲ್ಲಿ ಪುಟ್ಟ ಗೊರಸುಗಳನ್ನು ಕೆತ್ತಿ, ತಳಕ್ಕೆ ಟ್ಯೂಬಿನ ರಬ್ಬರ್ ಅಂಟಿಸಿ, ಗಾಲಿಯ ಸುತ್ತ ಎರಡು ಹತ್ತಿರ, ಒಂದು ದೂರ ಬರುವಂತೆ ಬಡಿದೆ. ಹಿಡಿಕೆ ಕಟ್ಟಿದೆ. ಹೆಸರು 'ಮರಿಗಾಲಿ'. ಶನಿವಾರ ಮಟಮಟ ಮಧ್ಯಾಹ್ನ, ಕುರಿಗಾಹಿಗಳು ನೆರಳಿಗೆ ಒರಗಿದ್ದಾಗ, ಗಾಲಿ ಉರುಳಿಸಿಕೊಂಡು ಬೀಳಿಗೆ ಇಳಿದೆ. ಟಕ್ ಟಕ್, ಟಕ್! ಟಕ್ ಟಕ್, ಟಕ್!

ಮುನ್ನೂರು ಮರಿಯಷ್ಟಾದರೆ ಸಾಕಿತ್ತು. ಆದರೆ ಓಡುವಾಗ ತಲೆಯೊಳಗೆ ಹಿನ್ನೆಲೆ ಸಂಗೀತ ಶುರುವಾಯಿತು. ಚೇಸಿಂಗ್ ಸೀನ್. ಎಡಕ್ಕೆ ಕಟ್, ಬಲಕ್ಕೆ ಕಟ್, ಗುಡ್ಡ ಹತ್ತಿ ಇಳಿದು ಸ್ಲೋ ಮೋಷನ್. ಒಂದು ಚಿಗರಿ ನಿಂತು ನೋಡಿತು. ಪ್ರೇಕ್ಷಕರಿದ್ದಾರೆ ಎಂದು ಇನ್ನೆರಡು ಸುತ್ತು ಹೊಡೆದೆ.

ಭಾನುವಾರ ಬೆಳಿಗ್ಗೆ ದಾರಿಬಾಗಿಲಲ್ಲಿ ಬಿಳಿ ದೀಪ ಆರಿತ್ತು.

ಕಂಟ್ರೋಲ್ ರೂಮಿಗೆ ಓಡಿದೆ. ಮೇಡಂ ಪರದೆಯ ಮುಂದೆ ಚಹಾ ಕುಡಿಯುವುದನ್ನೂ ಮರೆತು ನಿಂತಿದ್ದರು.

"ನಾಲ್ಕು ಸಾವಿರದ ಇನ್ನೂರ ಹನ್ನೆರಡು" ಎಂದರು.

"ಏನು ಮೇಡಂ?"

"ಮರಿ. ಒಂದ ಮಧ್ಯಾಹ್ನದಾಗ. ಪಾಳಿ ತೋಳದ ಬೇಟೆ ರದ್ದು ಮಾಡೇತಿ."

"ಬಂಪರ್ ಹಿಟ್!" ಎಂದು ಕುಣಿದೆ.

"ಕುಣೀಬ್ಯಾಡ. ಇಷ್ಟು ಮರಿ ಇದ್ರ ಹುಲ್ಲು ಉಳ್ಯಂಗಿಲ್ಲ ಅಂತ ಕುರಿ ಪಾಳೀನೂ ರದ್ದು ಮಾಡೇತಿ. ಎರಡು ತಿಂಗಳು ಒಂದು ಕುರೀನೂ ಒಳಗ ಬರಂಗಿಲ್ಲ."

ಎರಡು ತಿಂಗಳು. ಸುತ್ತಲಿನ ಹೊಲಗಳಲ್ಲಿ ಬೆಳೆ ನಿಂತಿತ್ತು. ಬೇರೆಲ್ಲೂ ಹುಲ್ಲಿರಲಿಲ್ಲ. ಹಾಲೂಡುವ ಕುರಿ ಎರಡು ದಿನ ಹಸಿದರೆ ಬುಟ್ಟಿಯಡಿಯ ಮರಿ ಮೂರನೇ ದಿನ ಕೂಗುವುದಿಲ್ಲ. ನನ್ನ ಕುಣಿತ ಅಲ್ಲೇ ನಿಂತಿತು.

ಸೋಮವಾರ ಸಭೆ. ಶೆಡ್ಡಿನ ಮುಂದೆ ಊರೇ ಸೇರಿತ್ತು. ಕೆಲವರು ಯಂತ್ರ ಕಿತ್ತು ಬಿಸಾಕಿ ಎಂದರು, ಕೆಲವರು ಬಡಿಗೆ ತಂದಿದ್ದರು. ಆಗ ನಾನು ಎದ್ದು ನಿಂತೆ. ಗಾಳಿ ಬೀಸಿತು. ಕೂದಲು ಹಾರಿತು. ಬೆಂಚಿನ ಮೇಲೆ ಒಂದು ಕಾಲಿಟ್ಟು ಹೇಳಿದೆ: "ಯಾರನ್ನ ಹುಡುಕ್ತೀರಿ? ಯಂತ್ರಕ್ಕ ಯಾಕ ಬೈತೀರಿ? ಆ ನಾಲ್ಕು ಸಾವಿರದ ಇನ್ನೂರ ಹನ್ನೆರಡು ಮರಿಗೆ ಅಪ್ಪ ಒಬ್ಬನ... ಈ ಮಾಳಿಂಗ!" ಸಭೆ ಗಪ್ಪಾಯಿತು. ಸಿಳ್ಳೆ ಬಿತ್ತು. ಪರದೆ ಕಪ್ಪಾಯಿತು. ತೋಳ ಉಳಿಯಿತು, ಕುರಿ ಉಳಿಯಿತು. ಶುಭಂ.

ಚಹಾದ ಅಂಗಡಿಯಲ್ಲಿ ನಾನು ಹೇಳುವುದು ಇಲ್ಲಿಗೆ ಮುಗಿಯುತ್ತದೆ.

ನೀವು ಮಾತ್ರ ಹೀಗೇ ನೋಡುತ್ತ ಕೂತಿದ್ದೀರಿ. ನಮ್ಮತ್ತೆಯೂ ಹೀಗೇ ನೋಡುತ್ತಾಳೆ. ಸರಿ, ನಡೆದದ್ದನ್ನು ಹೇಳುತ್ತೇನೆ.

ಸಭೆಯ ಹೊತ್ತಿಗೆ ನಾನು ಶೆಡ್ಡಿನ ಹಿಂದಿನ ನೀರಿನ ಟ್ಯಾಂಕಿನ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಅತ್ತೆ ಮೇಡಂ ಮುಂದೆ ಬೇಡಿಕೊಳ್ಳುವ ದನಿ ಕೇಳುತ್ತಿತ್ತು. "ಕುರಿ ಹೊರಗ ಹಾಕಿದ್ರ ನಾವು ಎಲ್ಲಿ ಹೋಗೂಣ್ರೀ ಬಾಯಾರ?" ಅವಳು ಯಾರ ಮುಂದೆಯೂ ಆ ದನಿಯಲ್ಲಿ ಮಾತಾಡಿದವಳಲ್ಲ. ನಾನು ಏಳಬೇಕಿತ್ತು. ಏಳಲಿಲ್ಲ. ಎಬ್ಬಿಸಿದ್ದು ರಾಣಿ. ಬೆಲ್ಲದ ವಾಸನೆ ಹಿಡಿದು ಟ್ಯಾಂಕಿನ ಹಿಂದೆ ಬಂದು, ಜೇಬಿಗೆ ಬಾಯಿ ಹಾಕಿ, ಸಿಗದಿದ್ದಕ್ಕೆ ಇಡೀ ಊರಿಗೆ ಕೇಳುವಂತೆ ಅರಚಿತು.

ಅತ್ತೆ ಬಂದು ನೋಡಿದಳು. ನನ್ನ ಮುಖ, ನನ್ನ ಬೆರಳಿಗೆ ಮೆತ್ತಿದ್ದ ಟ್ಯೂಬಿನ ಗೋಂದು.

"ಯಾಕಲೇ ಅಡಗೀದಿ?"

ಡೈಲಾಗ್ ರೆಡಿ ಇತ್ತು. ಭಾನುವಾರವಿಡೀ ಕನ್ನಡಿ ಮುಂದೆ ಹೇಳಿಕೊಂಡಿದ್ದೆ. ಬಾಯಿ ತೆರೆದರೆ ಬಂದದ್ದು, "ನಾ ಮಾಡ್ದೆ ಅತ್ತಿ. ಗಾಲಿ ಉರುಳಿಸಿದೆ. ತೋಳ ಉಳೀಲಿ ಅಂತ. ತಪ್ಪಾತು." ಅಷ್ಟೇ. ಅದೂ ಅರ್ಧ ಅಳುವಿನಲ್ಲಿ. ಯಾರೂ ಸಿಳ್ಳೆ ಹೊಡೆಯಲಿಲ್ಲ.

ಅವಳು ನನ್ನನ್ನು ಹೊಡೆಯಲೂ ಇಲ್ಲ. ಕೈ ಹಿಡಿದು ಸಭೆಯ ಮುಂದೆ ನಿಲ್ಲಿಸಿ, "ಇವನಿಂದ ಆಗೇತಿ" ಎಂದಳು. ಆಮೇಲೆ ಮೇಡಂ ಕಡೆ ತಿರುಗಿದಳು.

"ಬಾಯಾರ, ಇವನ ಸುಳ್ಳು ಹೆಜ್ಜಿ ಅಳಿಸಿದ್ರ ಏನಾಕ್ಕೈತಿ?"

"ಮತ್ತ ನಲವತ್ತೊಂದು ಆಕ್ಕೈತಿ ಲಗಮವ್ವ. ಕುರಿ ಒಳಗ, ತೋಳಕ್ಕ ಗುಂಡು."

"ಅಳಿಸಲಿಲ್ಲಂದ್ರ?"

"ತೋಳ ಉಳೀತೈತಿ. ಕುರಿ ಹೊರಗ."

ಅತ್ತೆ ರಾಣಿಯ ಪಕ್ಕಕ್ಕೆ ಹೋದಳು. ರಾಣಿಯ ಬೆನ್ನ ಮೇಲಿನ ಜಾಳಿಗೆಯಿಂದ ಒಂದು ಮರಿ ಮೂತಿ ಹೊರಹಾಕಿ ಅವಳ ಸೆರಗು ಚೀಪುತ್ತಿತ್ತು.

"ನಮ್ಮವ್ವ ಬಾಯಿ ಬಿಟ್ಟು ಹೇಳಬ್ಯಾಡ ಅಂದಾಳ" ಎಂದಳು. "ನೆಲಕ್ಕ ಗೊತ್ತಾಗಬಾರದು ಅಂದಿಲ್ಲ. ಆ ಪರದೆಗೆ ಕಂಬಳಿ ಹೊಚ್ರಿ. ಯಾರೂ ನೋಡಬ್ಯಾಡ್ರಿ, ಯಾರೂ ಓದಬ್ಯಾಡ್ರಿ. ನಿಮ್ಮ ಯಂತ್ರ ಒಂದ ಕೇಳ್ಕೊಳ್ಳಿ."

ತನ್ನ ಹೆಗಲ ಕಂಬಳಿಯನ್ನೇ ಕೊಟ್ಟಳು. ಮೇಡಂ ಅದನ್ನು ಪರದೆಗೆ ಹೊದಿಸಿ, ನನ್ನ ಶನಿವಾರದ ಸುಳ್ಳು ಅಳಿಸಿ, ದಾರಿಬಾಗಿಲ ಗೂಟವೊಂದರ ಕಿವಿಯನ್ನಷ್ಟೇ ತೆರೆದಿಟ್ಟರು. ಅತ್ತೆ ಮೊದಲ ಮರಿಯನ್ನು ನೆಲಕ್ಕೆ ಬಿಟ್ಟಳು. ಹುಟ್ಟಿದಾಗಿನಿಂದ ಚೀಲ ಮತ್ತು ಬುಟ್ಟಿ ಬಿಟ್ಟು ಬೇರೇನೂ ಕಾಣದ ಮರಿ. ಕಾಲು ನಡುಗಿಸುತ್ತ ನಿಂತಿತು. ಎರಡು ಹೆಜ್ಜೆ ಇಟ್ಟಿತು. ಜಿಗಿಯಿತು.

ಆಮೇಲೆ ಒಂದರ ಹಿಂದೆ ಒಂದು. ಉಳಿದ ಹಟ್ಟಿಯವರು ಮುಖ ಮುಖ ನೋಡಿಕೊಂಡರು. ತಮ್ಮ ಕತ್ತೆಗಳನ್ನೂ ಹೊಡೆದುಕೊಂಡು ಬಂದರು. ಗೂಟಕ್ಕೆ ತೊಂದರೆಯಾಗದಿರಲೆಂದು ಗುರುಪಾದ ಮಾಸ್ತರು ಬೂಟು ಕಳಚಿ ಕೈಯಲ್ಲಿ ಹಿಡಿದು ನಿಂತರು. ಮೀರಾಚಾಚಾ ಬಂದೂಕು ಗೋಡೆಗೊರಗಿಸಿ, ದಾರಿ ತಪ್ಪಿದ ಮರಿಗಳನ್ನು ಎತ್ತಿ ಸಾಲಿಗೆ ಬಿಟ್ಟರು. ಎಣಿಸುವವರು ಯಾರೂ ಇರಲಿಲ್ಲ. ಊರಿಡೀ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತು, ಆ ಪುಟ್ಟ ಕಾಲುಗಳ ಸದ್ದನ್ನು ಮಾತ್ರ ಕೇಳಿತು. ನನ್ನ ಮರಿಗಾಲಿಯ ಸದ್ದು ಹಾಗಿರಲೇ ಇಲ್ಲ.

ಕೊನೆಯ ಮರಿ ದಾಟಿದ ಸ್ವಲ್ಪ ಹೊತ್ತಿಗೆ ಕಂಬದಲ್ಲಿ ಬಿಳಿ ದೀಪ ಹತ್ತಿತು. ಕೆಂಪಕ್ಷರ ಹೋಗಿದೆಯೆಂದು ಮೇಡಂ ಕಂಬಳಿಯ ಕೆಳತುದಿ ಮಾತ್ರ ಎತ್ತಿ ನೋಡಿ ಹೇಳಿದರು.

ಅವತ್ತೇ ಒಂದು ಒಪ್ಪಂದವೂ ಆಯಿತು, ಜಗಳವಾಡಿಕೊಂಡೇ. ತೋಳದ ಮರಿಗಳು ಗವಿ ಬಿಡುವವರೆಗೆ ಹಳ್ಳದ ಕಡೆ ಮೂರೂ ದೀಪ ಬಂದ್. ಅತ್ತೆ ಹಳ್ಳದ ನೀರು ಬಿಟ್ಟು ದೂರದ ತೊಟ್ಟಿಗೆ ಹಿಂಡು ಹೊಡೆಯಬೇಕು. ಮೀರಾಚಾಚಾ ತಮ್ಮ ಅತ್ಯುತ್ತಮ ಹಂದಿ ಜಾಗ ಬಿಡಬೇಕು. ಮಾಸ್ತರು ಇಪ್ಪತ್ತು ವರ್ಷದ ವಾಕಿಂಗ್ ದಾರಿ ಬದಲಿಸಬೇಕು. ಅವರೇ ಹೆಚ್ಚು ಕೂಗಾಡಿದ್ದು. "ಗವಿ ಕಾಣೋ ಅಷ್ಟು ದೂರದಾಗ ಒಂದು ಕಲ್ಲರ ಹಾಕಿ ಕೊಡ್ರಿ, ಕುಂದರ್ತೀನಿ" ಎಂದು ಕೊನೆಗೆ ರಾಜಿಯಾದರು. ಈಗ ಅದೇ ಕಲ್ಲಿನ ಮೇಲೆ ಮೀರಾಚಾಚಾ ಹಸಿರು ದೀಪದ ಹೊತ್ತಿನಲ್ಲಿ ಜನರನ್ನು ಕೂರಿಸಿ, ಬಂದೂಕಿಲ್ಲದೆ, ನಾಲ್ಕು ತೋಳದ ಮರಿಗಳ ಕುಸ್ತಿ ತೋರಿಸುತ್ತಾರೆ. ಅವನ್ನು ಎಣಿಸಬಹುದೆಂದು ಅತ್ತೆ ಹೇಳಿದ್ದಾಳೆ, ಅವು ನಮ್ಮವಲ್ಲವಲ್ಲ.

ನನಗೆ ಶಿಕ್ಷೆ: ಜಾಳಿಗೆಯಲ್ಲಿ ಮರಿ ಹೊತ್ತ ಕತ್ತೆಯ ಭಾರದ ಹೆಜ್ಜೆಯನ್ನು ಪಾಳಿಗೆ ಕಲಿಸಬೇಕು, ಮುಂದಿನ ವರ್ಷ ಬೆನ್ನ ಮೇಲಿನ ಮರಿಗಳೂ ಅದಕ್ಕೆ ಕೇಳಿಸುವಂತೆ. ರಾಣಿ ಮೂರನೇ ದಿನಕ್ಕೆ ಮುಷ್ಕರ ಹೂಡಿದ್ದರಿಂದ ತಿಂಗಳಿಡೀ ಮರಿಗಳನ್ನು ಹೊತ್ತು ನಾನೇ ನಡೆದೆ. ಇವತ್ತಿಗೂ ನಾನು ಬೀಳಿಗೆ ಕಾಲಿಟ್ಟರೆ ಪರದೆಯ ಮೇಲೆ ಕತ್ತೆಯ ಚಿತ್ರ ಮೂಡುತ್ತದೆ. ಸರಿಪಡಿಸಿ ಎಂದರೆ ಮೇಡಂ, "ಯಂತ್ರ ತಪ್ಪು ಮಾಡಿಲ್ಲಲ್ಲ" ಅನ್ನುತ್ತಾರೆ.

ಇನ್ನೊಂದು ಉಳಿಯಿತು. ಸಭೆ ಮುಗಿದ ಮೇ​ಲೆ ಕಂಬಳಿ ತರಲು ಅತ್ತೆ ನನ್ನನ್ನೇ ಒಳಗೆ ಕಳಿಸಿದಳು. ಪರದೆಯ ಮೇಲಿನ ಅಂಕಿಯನ್ನು ನೋಡದೆಯೇ ಅಳಿಸಿ, ಆಮೇಲಷ್ಟೇ ಕಂಬಳಿ ತೆಗೆಯಬೇಕೆಂದು ಮಾತಾಗಿತ್ತು. ನಾನು ನೋಡಲಿಲ್ಲ ಎಂದು ಎಲ್ಲರಿಗೂ ಆಣೆ ಮಾಡಿ ಹೇಳಿದ್ದೇನೆ. ನೋಡಿದೆ. ಕಂಬಳಿ ಎತ್ತಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಆದರೆ ಅಂಕಿಗಳೆಲ್ಲ ನೀರಲ್ಲಿ ಬಿದ್ದಂತೆ ಅಲ್ಲಾಡುತ್ತಿದ್ದವು, ಒಂದೂ ಓದಲಾಗಲಿಲ್ಲ. ಹೊರಗೆ ಬಂದಾಗ ಅತ್ತೆ, "ಕಣ್ಣಿಗೇನಾತಲೇ?" ಎಂದಳು. "ಒಲಿ ಹೊಗಿ ಅತ್ತಿ" ಎಂದೆ.

ಆ ಶೆಡ್ಡಿನಲ್ಲಿ ಒಲೆಯೇ ಇಲ್ಲ.